ಸಾಲಿಗೆ ರೊಕ್ಕ ಯಾರು ಕೊಡ್ತಾರ?

"ವರ್ಷಾ ಪಂಚಾಯ್ತಿಗೆ ಮನಿ ಕರ ಕಟ್ತೀವಿ. ಸಾಲಿ ಮಾಳಿಗಿ ಸೋರಾಕತ್ತೈತಿ. ಆ ರೊಕ್ಕ ಎಲ್ಲಿ ಹೋತು?" ಬ್ಯಾಡಗಿ, ರಾಣೆಬೆನ್ನೂರು ಸೀಮೆಯ ಗ್ರಾಮಸಭೆಗಳಲ್ಲಿ ಇಂಥ ಮಾತು ಏಳುವುದುಂಟು. ಕೇಳುವವರ ಸಿಟ್ಟು ನ್ಯಾಯವಾದದ್ದೇ. ಆದರೆ ಉತ್ತರ ಕೊಡಬೇಕಾದವರು ಆ ಸಭೆಯಲ್ಲಿ ಬಹುಮಟ್ಟಿಗೆ ಇರುವುದಿಲ್ಲ. ಶಾಲೆಯ ಹಣ ಯಾವ ದಾರಿಯಲ್ಲಿ ಬರುತ್ತದೆ ಎಂಬುದು ತಿಳಿಯದೆ ಇದ್ದಾಗ ಬೈಗುಳ ಬೀಳುವುದು ಎದುರಿಗೆ ಸಿಕ್ಕ ಪಿಡಿಒ ಮೇಲೆ, ಇಲ್ಲವೇ ಹೆಡ್‌ಮಾಸ್ತರರ ಮೇಲೆ. ಮಾಳಿಗೆ ಸೋರುತ್ತಲೇ ಇರುತ್ತದೆ.

"ನಮ್ಮ ಮನೆ ಕರದಿಂದಲೇ ಶಾಲೆ ನಡೆಯುತ್ತದೆ"

ಇಲ್ಲ. ಸರ್ಕಾರಿ ಶಾಲೆಯ ಖರ್ಚಿನಲ್ಲಿ ಎಲ್ಲಕ್ಕಿಂತ ದೊಡ್ಡದು ಶಿಕ್ಷಕರ ಸಂಬಳ. ಅದು ರಾಜ್ಯದ ಬೊಕ್ಕಸದಿಂದ ಬರುತ್ತದೆ. 2025–26ರ ರಾಜ್ಯ ಬಜೆಟ್ಟಿನ ಗಾತ್ರ 4,09,549 ಕೋಟಿ ರೂಪಾಯಿ. ಅದರಲ್ಲಿ ಶಾಲೆ, ಕಾಲೇಜು ಎಲ್ಲ ಸೇರಿ ಶಿಕ್ಷಣಕ್ಕೆ ಇಟ್ಟದ್ದು 45,286 ಕೋಟಿ, ಅಂದರೆ ನೂರಕ್ಕೆ ಸುಮಾರು 11 ರೂಪಾಯಿ. ಜಿಲ್ಲೆಗೆ ಬರಬೇಕಾದ ಪಾಲನ್ನು ಬಜೆಟ್ ಜೊತೆಗೆ ಹೊರಡುವ ಲಿಂಕ್ ಡಾಕ್ಯುಮೆಂಟಿನಲ್ಲಿ ಜಿಲ್ಲಾ ಪಂಚಾಯಿತಿ, ತಾಲ್ಲೂಕು ಪಂಚಾಯಿತಿಗಳ ಹೆಸರಿನಲ್ಲಿ ಲೆಕ್ಕಶೀರ್ಷಿಕೆವಾರು ತೋರಿಸಿರುತ್ತಾರೆ. ಅದನ್ನು ನೋಡಿದವರು ಜಿಲ್ಲಾ ಪಂಚಾಯಿತಿಯ ಕೈಯಲ್ಲಿ ಭಾರಿ ಹಣ ಇದೆ ಅಂದುಕೊಳ್ಳುತ್ತಾರೆ. ಆದರೆ ಅದರ ಬಹುಪಾಲು ಸಂಬಳಕ್ಕೇ ಗೊತ್ತುಮಾಡಿದ್ದು, ಬೇರೆಡೆ ತಿರುಗಿಸುವಂತಿಲ್ಲ. ನಮ್ಮ ರಾಜ್ಯದಲ್ಲಿ ಜಿಲ್ಲಾ, ತಾಲ್ಲೂಕು ಪಂಚಾಯಿತಿಗಳಿಗೆ ತೆರಿಗೆ ಹಾಕುವ ಅಧಿಕಾರವೂ ಇಲ್ಲ. ಆ ಅಧಿಕಾರ ಇರುವುದು ಗ್ರಾಮ ಪಂಚಾಯಿತಿಗೆ ಮಾತ್ರ. ಅದು ವಸೂಲು ಮಾಡುವ ಮನೆ ಕರ ಬೀದಿದೀಪ, ನೀರು, ಚರಂಡಿ, ಸಿಬ್ಬಂದಿ ಎನ್ನುವಷ್ಟರಲ್ಲಿ ಮುಗಿದಿರುತ್ತದೆ.

ಈ ನಂಬಿಕೆ ಸುಮ್ಮನೆ ಹುಟ್ಟಿದ್ದಲ್ಲ. ಬ್ಯಾಡಗಿ, ರಾಣೆಬೆನ್ನೂರು ಇರುವ ಹಾವೇರಿ ಸ್ವತಂತ್ರ ಜಿಲ್ಲೆಯಾದದ್ದು 1997ರಲ್ಲಿ. ಅದಕ್ಕೂ ಹಿಂದೆ ಈ ತಾಲ್ಲೂಕುಗಳು ಧಾರವಾಡ ಜಿಲ್ಲೆಯವು, ಏಕೀಕರಣಕ್ಕೆ ಮೊದಲು ಮುಂಬೈ ಸರ್ಕಾರಕ್ಕೆ ಸೇರಿದವು. ಆ ಸರ್ಕಾರ 1860ರ ದಶಕದಿಂದ ಭೂಕಂದಾಯದ ಪ್ರತಿ ರೂಪಾಯಿಯ ಮೇಲೆ ಒಂದಾಣೆ ಲೋಕಲ್ ಫಂಡ್ ಎತ್ತುತ್ತಿತ್ತು. ಅದರಲ್ಲಿ ಮೂರನೇ ಒಂದು ಪಾಲು ಶಾಲೆಗಳಿಗೆ ಮೀಸಲು. 1923ರ ಮುಂಬೈ ಪ್ರಾಥಮಿಕ ಶಿಕ್ಷಣ ಕಾಯ್ದೆ ಬಂದ ಮೇಲೆ ಶಾಲೆಗಳ ಆಡಳಿತ ಸ್ಕೂಲ್ ಬೋರ್ಡುಗಳ ಕೈಗೆ ಹೋಯಿತು. ಅಂದರೆ ಹೊಲದ ಕಂದಾಯಕ್ಕೂ ಊರ ಕನ್ನಡ ಸಾಲಿಗೂ ಒಂದು ಕಾಲಕ್ಕೆ ನೇರ ಸಂಬಂಧ ಇತ್ತು. ಏಕೀಕರಣದ ನಂತರ ಬರಬರುತ್ತ ಆ ಬೋರ್ಡುಗಳು ಹೋದವು, ಶಿಕ್ಷಕರು ರಾಜ್ಯ ಸರ್ಕಾರದ ನೌಕರರಾದರು. ವ್ಯವಸ್ಥೆ ಹೋದರೂ ನೆನಪು ಉಳಿಯಿತು.

ಅಮೆರಿಕದಲ್ಲಿ ನೌಕರಿ ಮಾಡುವ ಮಕ್ಕಳು ಈ ನೆನಪಿಗೆ ಇನ್ನಷ್ಟು ಬಲ ಕೊಡುತ್ತಾರೆ. ಅಲ್ಲಿ ಸ್ಕೂಲ್ ಡಿಸ್ಟ್ರಿಕ್ಟ್ ಎಂಬುದೇ ಬೇರೆ ಸಂಸ್ಥೆ. ಅದರ ಮಂಡಳಿಯನ್ನು ಹೆಚ್ಚಿನ ಕಡೆ ಜನರೇ ಆರಿಸುತ್ತಾರೆ, ಆಸ್ತಿ ತೆರಿಗೆಯ ದೊಡ್ಡ ಪಾಲು ಅದಕ್ಕೆ ಹೋಗುತ್ತದೆ. ಬೆಲೆಬಾಳುವ ಮನೆಗಳಿರುವ ಬಡಾವಣೆಯ ಶಾಲೆಗೆ ಹಣ ಹೆಚ್ಚು, ಬಡವರ ಬಡಾವಣೆಗೆ ಕಡಿಮೆ ಎಂಬ ತಕರಾರು ಅಲ್ಲಿ ಹಳೆಯದು. ರಾಣೆಬೆನ್ನೂರು ಪೇಟೆಯ ಶಾಲೆಗೂ ಬ್ಯಾಡಗಿ ತಾಲ್ಲೂಕಿನ ಸಣ್ಣ ಹಳ್ಳಿಯ ಶಾಲೆಗೂ ಮಾಸ್ತರರ ಸಂಬಳ ಒಂದೇ ಶ್ರೇಣಿಯಲ್ಲಿ ಬರುವುದು ನಮ್ಮ ವ್ಯವಸ್ಥೆಯ ಗುಣ. ಅದನ್ನು ಕಳೆದುಕೊಳ್ಳಬಾರದು ಎಂಬುದು ನನ್ನ ಗಟ್ಟಿ ಅಭಿಪ್ರಾಯ.

"ಇಷ್ಟು ಮೆಣಸಿನಕಾಯಿ ಮಾರುತ್ತೇವೆ, ಅದರ ಸೆಸ್ ಇಲ್ಲಿನ ಶಾಲೆಗೆ ಬರಬೇಕಲ್ಲ"

ಬ್ಯಾಡಗಿ ಎಪಿಎಂಸಿಯಲ್ಲಿ ಖರೀದಿದಾರರಿಂದ ಎತ್ತುವ ಮಾರುಕಟ್ಟೆ ಶುಲ್ಕ ಎಪಿಎಂಸಿ ಕಾಯ್ದೆಯ ಪ್ರಕಾರ ಮಾರುಕಟ್ಟೆಯ ಕೆಲಸಕ್ಕೆ ಸೇರಿದ್ದು. ಇನ್ನು ಜಿಎಸ್‌ಟಿ. ಅದು ಮಾಲು ಹುಟ್ಟಿದ ಊರಿಗೆ ಸಲ್ಲುವ ತೆರಿಗೆಯಲ್ಲ. ಮಾಲು ಬಳಕೆಯಾಗುವ ರಾಜ್ಯಕ್ಕೆ ಸಲ್ಲುತ್ತದೆ. ಕೇರಳಕ್ಕೋ ಗುಜರಾತಿಗೋ ಹೋದ ಲೋಡಿನ ಮೇಲಿನ ರಾಜ್ಯದ ಪಾಲು ಕರ್ನಾಟಕಕ್ಕೇ ಬರುವುದಿಲ್ಲ, ಬ್ಯಾಡಗಿಯ ಮಾತು ದೂರ ಉಳಿಯಿತು.

"ಆದಾಯ ತೆರಿಗೆಯಲ್ಲಿ ಶಿಕ್ಷಣ ಸೆಸ್ ಕೊಡುತ್ತೇವೆ"

2004ರಲ್ಲಿ ಕೇಂದ್ರ ಸರ್ಕಾರ ಶೇ 2ರ ಸೆಸ್ ಹಾಕಿತು, 2007ರಲ್ಲಿ ಇನ್ನೂ ಶೇ 1 ಸೇರಿತು, 2018ರಿಂದ ಆರೋಗ್ಯ ಮತ್ತು ಶಿಕ್ಷಣ ಸೆಸ್ ಎಂಬ ಹೆಸರಿನಲ್ಲಿ ಶೇ 4 ಆಗಿದೆ. ಹಣಕಾಸು ಆಯೋಗ ಹೇಳಿದಂತೆ ರಾಜ್ಯಗಳಿಗೆ ಹಂಚುವ ತೆರಿಗೆಯ ರಾಶಿಯಲ್ಲಿ ಸೆಸ್ ಸೇರುವುದಿಲ್ಲ. ಅದು ಕೇಂದ್ರದಲ್ಲೇ ಉಳಿದು ಸಮಗ್ರ ಶಿಕ್ಷಣ, ಬಿಸಿಯೂಟದಂಥ ಯೋಜನೆಗಳ ಮೂಲಕ ತಿರುಗಿ ಬರುತ್ತದೆ. ಆಗಲೂ ಪೂರ್ತಿ ವೆಚ್ಚವನ್ನು ಕೇಂದ್ರವೇ ಭರಿಸುವುದಿಲ್ಲ. ಈ ಯೋಜನೆಗಳಲ್ಲಿ ಕೇಂದ್ರದ 60 ರೂಪಾಯಿಗೆ ರಾಜ್ಯ ತನ್ನ 40 ಸೇರಿಸಬೇಕು. ಬಿಸಿಯೂಟದ ಜೊತೆಗೆ ಮಕ್ಕಳಿಗೆ ಕೊಡುವ ಹಾಲು, ಮೊಟ್ಟೆಯ ವೆಚ್ಚ ಈ ಲೆಕ್ಕದ ಹೊರಗಿನದು.

"ಹೆಡ್‌ಮಾಸ್ತರರ ಖಾತೆಗೆ ಲಕ್ಷಗಟ್ಟಲೆ ಬರುತ್ತದೆ"

ಹೆಚ್ಚು ಜಗಳಕ್ಕೆ, ಹೆಚ್ಚು ಅನ್ಯಾಯದ ಅನುಮಾನಕ್ಕೆ ಕಾರಣವಾದ ನಂಬಿಕೆ ಇದು. ಲೆಕ್ಕ ಹೀಗಿದೆ. ಸಮಗ್ರ ಶಿಕ್ಷಣದಡಿ ಶಾಲೆಗೆ ಸಿಗುವ ಸಂಯುಕ್ತ ಶಾಲಾ ಅನುದಾನ ಮಕ್ಕಳ ಸಂಖ್ಯೆಯ ಮೇಲೆ ನಿಂತಿದೆ: 30 ಮಕ್ಕಳವರೆಗೆ ವರ್ಷಕ್ಕೆ 10,000 ರೂಪಾಯಿ, 100ರವರೆಗೆ 25,000, 250ರವರೆಗೆ 50,000, ಸಾವಿರದವರೆಗೆ 75,000, ಅದಕ್ಕೂ ಮೇಲಾದರೆ ಒಂದು ಲಕ್ಷ. ಲಕ್ಷ ಮುಟ್ಟಬೇಕಾದರೆ ಸಾವಿರಕ್ಕೂ ಹೆಚ್ಚು ಮಕ್ಕಳು ಬೇಕು. ಅಂಥ ಶಾಲೆ ಯಾವ ಹಳ್ಳಿಯಲ್ಲಿದೆ?

90 ಮಕ್ಕಳ ಶಾಲೆ ಎಂದುಕೊಳ್ಳಿ. 25,000 ಅಂದರೆ ತಿಂಗಳಿಗೆ ಎರಡು ಸಾವಿರದ ಆಸುಪಾಸು. ಅದರಲ್ಲಿ ನೂರಕ್ಕೆ ಹತ್ತಾದರೂ ಸ್ವಚ್ಛತೆಗೆ ಹೋಗಬೇಕೆಂಬ ನಿಯಮ ಇದೆ. ಶಾಲೆಯ ಕ್ಯಾಶ್ ಬುಕ್ ತೆರೆದರೆ ಸಿಗುವುದು ಇಂಥ ಸಾಲುಗಳೇ: ಚಾಕ್‌ಪೀಸ್, ಹಾಜರಿ ಪುಸ್ತಕ, ಫಿನಾಯಿಲ್, ಕಸಬರಿಗೆ, ಒಡೆದ ನಳದ ಬದಲು ಹೊಸದು, ಸಿಂಟೆಕ್ಸ್ ಟ್ಯಾಂಕಿನ ವಾಲ್ವು, ಧ್ವಜದ ಹಗ್ಗ, ಬೀಗ. ಒಂದೊಂದಕ್ಕೂ ವೋಚರ್, ಶಾಲಾ ಅಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿಯ, ಅಂದರೆ ಎಸ್‌ಡಿಎಂಸಿಯ ಠರಾವು ಬೇಕು. ಸರ್ಕಾರಿ ಶಾಲೆಗಳಿಗೆ ಕರೆಂಟು, ನೀರು ಉಚಿತ ಎಂದು ರಾಜ್ಯ ಸರ್ಕಾರ 2024–25ರ ಬಜೆಟ್ಟಿನಲ್ಲಿ ಘೋಷಿಸುವ ಮೊದಲು ಕರೆಂಟಿನ ಬಿಲ್ಲಿಗೂ ಈ ಅನುದಾನವನ್ನೇ ನೆಚ್ಚಬೇಕಿತ್ತು.

ಖಾತೆಯಲ್ಲಿ ಹಣ ಕೂಡಿಬಿದ್ದಿದೆ ಎಂಬುದೂ ಹಳೆಯ ಕಾಲದ ಮಾತು. 2021ರಿಂದ ಕೇಂದ್ರದ ಯೋಜನೆಗಳ ಹಣ ರಾಜ್ಯಮಟ್ಟದ ಒಂದೇ ಖಾತೆಯಲ್ಲಿರುತ್ತದೆ. ಶಾಲೆಯದು ಶೂನ್ಯ ಶಿಲ್ಕಿನ ಖಾತೆ, ಅದಕ್ಕೆ ಸಿಗುವುದು ಇಂತಿಷ್ಟರವರೆಗೆ ಖರ್ಚು ಮಾಡಬಹುದು ಎಂಬ ಮಿತಿ. ಮಾರ್ಚ್ 31ರೊಳಗೆ ಬಳಸದಿದ್ದರೆ ಆ ಮಿತಿ ರದ್ದಾಗುತ್ತದೆ. ಬಿಡುಗಡೆಯೇ ತಡವಾದ ವರ್ಷ ಮಾಸ್ತರರು ಪಾಠ ಬಿಟ್ಟು ಬಿಲ್ಲು ಹಿಡಿದು ಓಡಾಡುವುದಕ್ಕೆ ಕಾರಣ ಇದೇ. ಆ ಓಡಾಟವನ್ನು ಕಂಡು "ಏನೋ ಹೊಡೀತಾರ" ಅನ್ನುವುದು ಕ್ರೂರ.

ಊರವರು ಗಮನಿಸಬೇಕಾದ ಇನ್ನೊಂದು ಸಂಗತಿ ಇದೆ. ಅನುದಾನಕ್ಕೆ ಮಕ್ಕಳ ಸಂಖ್ಯೆಯನ್ನು ಶಾಲೆಗಳ ಅಂಕಿಅಂಶ ಕೂಡಿಸುವ ಯುಡೈಸ್ ಪ್ಲಸ್ ಮಾಹಿತಿಯಿಂದ ತೆಗೆದುಕೊಳ್ಳುತ್ತಾರೆ. 31 ಮಕ್ಕಳಿದ್ದ ಶಾಲೆಯಿಂದ ಒಬ್ಬ ಹುಡುಗ ಕಾನ್ವೆಂಟಿನ ವ್ಯಾನು ಹತ್ತಿದರೆ ಶಾಲೆ 25,000ದ ಪಟ್ಟಿಯಿಂದ 10,000ದ ಪಟ್ಟಿಗೆ ಇಳಿಯುತ್ತದೆ. ಕಸಬರಿಗೆ, ನಳ, ಬೀಗದ ಖರ್ಚು ಮಾತ್ರ ಇಳಿಯುವುದಿಲ್ಲ.

"ಶಾಲೆಗೆ ಪಾಲಕರು ತಿಂಗಳ ವಂತಿಗೆ ಕೊಡಲೇಬೇಕು"

2022ರ ಅಕ್ಟೋಬರಿನಲ್ಲಿ, ಪಾಲಕರು ತಿಂಗಳಿಗೆ 100 ರೂಪಾಯಿ ದೇಣಿಗೆ ಕೊಡಬಹುದು ಎಂಬ ಸುತ್ತೋಲೆ ಹೊರಟಿತ್ತು. ಸ್ವಇಚ್ಛೆಯದು ಎಂದು ಬರೆದಿದ್ದರೂ ವಿರೋಧ ಎದ್ದಿತು, ಹಿಂದಕ್ಕೆ ಪಡೆದರು. 2010ರ ಏಪ್ರಿಲ್ 1ರಿಂದ ಜಾರಿಯಲ್ಲಿರುವ ಶಿಕ್ಷಣ ಹಕ್ಕು ಕಾಯ್ದೆಯ ಪ್ರಕಾರ 6ರಿಂದ 14 ವರ್ಷದ ಮಕ್ಕಳ ಕಲಿಕೆ ಉಚಿತ. ಯಾರೂ ಒತ್ತಾಯಿಸುವಂತಿಲ್ಲ.

"ಹಾಗಾದರೆ ಗ್ರಾಮ ಪಂಚಾಯಿತಿಗೂ ಶಾಲೆಗೂ ಸಂಬಂಧವೇ ಇಲ್ಲ"

ಹಾಗೂ ಅಲ್ಲ. ಹೊಸ ಕೋಣೆ, ದೊಡ್ಡ ದುರಸ್ತಿ ರಾಜ್ಯದ ಯೋಜನೆಗಳಿಂದ ಬರಬೇಕು. ಕೆಲವು ಶಾಸಕರ ನಿಧಿಯಿಂದ ಆಗುತ್ತವೆ. ಗೋಡೆಯ ಮೇಲೆ ಯಾರ ಹೆಸರಿನ ಫಲಕ ಇದ್ದರೂ ಆ ನಿಧಿ ಸರ್ಕಾರದ ಹಣವೇ. ಆದರೆ ಶಾಲೆಯ ಕಾಂಪೌಂಡು, ಆಟದ ಮೈದಾನ, ಶೌಚಾಲಯ, ಅಡುಗೆ ಕೋಣೆಗಳನ್ನು ಪಂಚಾಯಿತಿಗಳು ನರೇಗಾದಡಿ ಎಷ್ಟೋ ಊರುಗಳಲ್ಲಿ ಕಟ್ಟಿಸಿವೆ. 2021–26ರ 15ನೇ ಹಣಕಾಸು ಆಯೋಗದ ಅನುದಾನದಲ್ಲೂ ಶೇ 60 ಕುಡಿಯುವ ನೀರು ಮತ್ತು ನೈರ್ಮಲ್ಯಕ್ಕೆ ಕಟ್ಟುಬಿದ್ದಿತ್ತು. ಶಾಲೆಯ ನೀರು, ಶೌಚಾಲಯದ ಕೆಲಸ ಅದರೊಳಗೇ ಬರುತ್ತಿತ್ತು. ಇಂಥ ಕೆಲಸ ಆಗಬೇಕಾದರೆ ಅದು ಪಂಚಾಯಿತಿಯ ಕ್ರಿಯಾ ಯೋಜನೆಯಲ್ಲಿ ಸೇರಿರಬೇಕು.

ಮಾಳಿಗೆಯ ದಾರಿ ಬೇರೆ. ಶಿಕ್ಷಣ ಹಕ್ಕು ಕಾಯ್ದೆಯ 22ನೇ ಕಲಮು ಶಾಲಾ ಅಭಿವೃದ್ಧಿ ಯೋಜನೆ ತಯಾರಿಸುವ ಹೊಣೆಯನ್ನು ಪಾಲಕರೇ ಹೆಚ್ಚಿರುವ ಎಸ್‌ಡಿಎಂಸಿಗೆ ಕೊಟ್ಟಿದೆ. ಮುಂದಿನ ವರ್ಷದ ಅನುದಾನಕ್ಕೆ ಬುನಾದಿ ಆ ಯೋಜನೆ. ಡಿಸೆಂಬರ್ ಒಳಗೆ ಅದರಲ್ಲಿ "ಮಾಳಿಗೆ ದುರಸ್ತಿ" ಎಂದು ಬರೆಸಿ, ಠರಾವಿನ ಪ್ರತಿ ಕ್ಷೇತ್ರ ಶಿಕ್ಷಣಾಧಿಕಾರಿ ಕಚೇರಿಗೆ ಕೊಟ್ಟು ಸ್ವೀಕೃತಿಯ ಸಹಿ ಪಡೆಯಬೇಕು. ಅದು ಎಲ್ಲಿ ನಿಂತಿದೆ ಎಂದು ತಿಳಿಯಲು ಹತ್ತು ರೂಪಾಯಿ ಶುಲ್ಕದ ಮಾಹಿತಿ ಹಕ್ಕು ಅರ್ಜಿ ಸಾಕು. ಶಾಲೆಯ ಕ್ಯಾಶ್ ಬುಕ್ ನೋಡುವುದಕ್ಕೆ ಅರ್ಜಿಯೂ ಬೇಕಾಗಬಾರದು. ಎಸ್‌ಡಿಎಂಸಿ ಸಭೆಯ ದಿನ ಹೋಗಿ, ತೋರಿಸಿರಿ ಎಂದು ಕೇಳಿದರಾಯಿತು.