ಬರ ಘೋಷಣೆ ಬೇರೆ, ನೀರಿನ ನಿರ್ಬಂಧ ಬೇರೆ

ಮಳೆ ಕೈಕೊಟ್ಟ ವರ್ಷ ಬೆಳಗಾವಿ ಜಿಲ್ಲೆಯ ಸಂಕೇಶ್ವರದಿಂದ ಮೂಡಲಗಿಯವರೆಗೆ ಒಂದು ಮಾತು ಹಬ್ಬುತ್ತದೆ: ತಾಲ್ಲೂಕು ಬರಪೀಡಿತ ಅಂತ ಘೋಷಣೆ ಆಯಿತು, ಇನ್ನು ಹೊಳೆಗೆ ಮೋಟಾರು ಹಚ್ಚುವಂತಿಲ್ಲ. ಈ ನಂಬಿಕೆ ತಪ್ಪು, ಮತ್ತು ಇದರಿಂದ ರೈತನಿಗೇ ನಷ್ಟ. ಬರ ಘೋಷಣೆ ಎಂಬುದು ಪರಿಹಾರದ ಬಾಗಿಲು ತೆರೆಯುವ ಆದೇಶ. ಕೇಂದ್ರ ಸರ್ಕಾರದ 2016ರ ಬರ ನಿರ್ವಹಣಾ ಕೈಪಿಡಿಯಂತೆ ಮೊದಲು ಮಳೆಯ ಕೊರತೆ ಮತ್ತು ಒಣ ವಾರಗಳನ್ನು ನೋಡುತ್ತಾರೆ. ನಂತರ ಬಿತ್ತನೆ, ಮಣ್ಣಿನ ತೇವ, ಜಲಾಶಯ ಮತ್ತು ಅಂತರ್ಜಲದ ಸ್ಥಿತಿ ನೋಡಿ, ಆಯ್ದ ಹಳ್ಳಿಗಳ ಹೊಲಕ್ಕಿಳಿದು ಬೆಳೆಹಾನಿ ಖಚಿತಪಡಿಸಿಕೊಳ್ಳುತ್ತಾರೆ. ಕರ್ನಾಟಕ ಸರ್ಕಾರ 2023ರ ಸೆಪ್ಟೆಂಬರ್ 13ರಂದು 195 ತಾಲ್ಲೂಕುಗಳನ್ನು ಹೀಗೆ ಘೋಷಿಸಿತು. ಮುಂದೆ ಆ ಸಂಖ್ಯೆ 236ರಲ್ಲಿ 223ಕ್ಕೆ ಏರಿತು. ಆ ಪಟ್ಟಿ ಬೆಳೆ ಪರಿಹಾರ, ಮೇವು, ಟ್ಯಾಂಕರ್ ನೀರಿಗೆ ದಾರಿ ಮಾಡಿತೇ ಹೊರತು ತನ್ನಷ್ಟಕ್ಕೆ ತಾನೇ ಯಾರ ಪಂಪ್‌ಸೆಟ್ಟನ್ನೂ ನಿಲ್ಲಿಸಲಿಲ್ಲ. ಅದಕ್ಕೆ ಬೇರೆಯೇ ಆದೇಶ ಬೇಕು. ಯಾವ ನೀರಿನ ಮೂಲ, ಎಲ್ಲಿಂದ ಎಲ್ಲಿಯವರೆಗೆ, ಎಷ್ಟು ದಿನ, ಯಾವ ಕಾನೂನಿನ ಕೆಳಗೆ ಎಂಬುದು ಅದರಲ್ಲಿರಬೇಕು. 2024ರ ಮಾರ್ಚ್‌ನಲ್ಲಿ ಕುಡಿಯುವ ನೀರಿನಿಂದ ಕಾರು ತೊಳೆದರೆ 5,000 ರೂಪಾಯಿ ದಂಡ ಎಂಬ ಸುದ್ದಿ ರಾಜ್ಯವಿಡೀ ಹರಿದಾಡಿತು. ಅದು ಬೆಂಗಳೂರು ಜಲಮಂಡಳಿಯ ಆದೇಶ, 1964ರ ಜಲಮಂಡಳಿ ಕಾಯ್ದೆಯ ಬಲದಿಂದ ಹೊರಟದ್ದು, ಆ ಮಂಡಳಿಯ ವ್ಯಾಪ್ತಿಗೆ ಮಾತ್ರ ಸೀಮಿತವಾದದ್ದು. ಸಂಕೇಶ್ವರದ ನಲ್ಲಿಯ ಮಾತು ಬಂದರೆ ಕೇಳಬೇಕಾದದ್ದು ಪುರಸಭೆಯನ್ನು, ಹಳ್ಳಿಯಲ್ಲಾದರೆ ಗ್ರಾಮ ಪಂಚಾಯಿತಿಯನ್ನು.

ಎರಡನೆಯ ನಂಬಿಕೆ ಡ್ಯಾಂನ ಸುತ್ತ ಇದೆ. ಹಿಡಕಲ್‌ನಲ್ಲಿ ನೀರು ಕಾಣುತ್ತಿರುವಾಗ ನಮಗೇಕೆ ನಿರ್ಬಂಧ ಎಂದು ಜನ ಕೇಳುತ್ತಾರೆ. ಸುಮಾರು 51 ಟಿಎಂಸಿ ಹಿಡಿಯುವ ಹಿಡಕಲ್‌ನ ರಾಜಾ ಲಖಮಗೌಡ ಜಲಾಶಯ ಹುಕ್ಕೇರಿ ತಾಲ್ಲೂಕಿನಲ್ಲೇ ಇದೆ, ನಿಜ. ಆದರೆ ಅದು ಘಟಪ್ರಭೆಗೆ ಕಟ್ಟಿದ ಡ್ಯಾಂ. ಸಂಕೇಶ್ವರದ ಹೊಳೆ ಹಿರಣ್ಯಕೇಶಿ. ಅದು ಅಂಬೋಲಿ ಘಟ್ಟದಲ್ಲಿ ಹುಟ್ಟಿ, ಆಜರಾ, ಗಡಹಿಂಗ್ಲಜ ದಾಟಿ ನಮ್ಮ ಗಡಿಯೊಳಗೆ ಬಂದು, ಡ್ಯಾಂನಿಂದ ಕೆಳಗೆ ಘಟಪ್ರಭೆಯನ್ನು ಕೂಡುತ್ತದೆ. ಹಿಡಕಲ್ ನೀರನ್ನು ಸಂಕೇಶ್ವರಕ್ಕೆ ಕೊಳವೆಯಲ್ಲಿ ಎತ್ತಿ ತರಬಹುದು, ಹೊಳೆಯಾಗಿ ಅದು ಹರಿದು ಬರುವುದಿಲ್ಲ. ಹೀಗಾಗಿ ಒಂದೇ ತಾಲ್ಲೂಕಿನಲ್ಲಿ ಒಂದು ಹೊಳೆಯ ದಂಡೆಗೆ ನೀರಿದ್ದು ಇನ್ನೊಂದು ಹೊಳೆಯ ದಂಡೆಗೆ ಇಲ್ಲದಿರುವುದು ಸಾಧ್ಯ, ಆದೇಶವೂ ಹಾಗೆಯೇ ಬೇರೆ ಬೇರೆ ಆಗುತ್ತದೆ. ಮಹಾಪೂರ ಕಂಡ ಊರಿಗೆ ಬರ ಎಲ್ಲಿಯದು ಎನ್ನುವವರೂ ಇದ್ದಾರೆ. 2019ನ್ನು ನೆನೆಯಲಿ. ಆ ಮೇ ತಿಂಗಳಲ್ಲಿ ಕೃಷ್ಣಾ ಪಾತ್ರ ಒಣಗಿ ಕುಡಿಯುವ ನೀರಿಗಾಗಿ ಕರ್ನಾಟಕ ಮಹಾರಾಷ್ಟ್ರಕ್ಕೆ ಮೊರೆ ಇಟ್ಟಿತ್ತು. ಅದೇ ಆಗಸ್ಟ್‌ನಲ್ಲಿ ಹಿರಣ್ಯಕೇಶಿ, ಘಟಪ್ರಭೆ, ಮಾರ್ಕಂಡೇಯ ಮೂರೂ ಉಕ್ಕಿ ಗೋಕಾಕದ ಓಣಿಗಳು ಮುಳುಗಿದವು.

ಬೇಸಿಗೆಯಲ್ಲಿ ಕುಡಿಯಲೆಂದು ಹೊಳೆಗೆ ನೀರು ಬಿಟ್ಟಾಗ ಇನ್ನೊಂದು ಪ್ರಶ್ನೆ ಏಳುತ್ತದೆ: ಕುಡಿಯುವ ನೀರು ಎಷ್ಟು ಬೇಕು, ಅದಕ್ಕಾಗಿ ದಂಡೆಯ ಪಂಪುಗಳಿಗೆಲ್ಲ ಕರೆಂಟ್ ತೆಗೆಯಬೇಕೆ? ಇದು ತೂಕದ ಆಕ್ಷೇಪ, ಲೆಕ್ಕ ಹಾಕಿಯೇ ಉತ್ತರಿಸಬೇಕು. ಒಂದು ಟಿಎಂಸಿ ಎಂದರೆ ಸುಮಾರು 2,830 ಕೋಟಿ ಲೀಟರ್. ದಿನಕ್ಕೆ ತಲೆಗೆ 135 ಲೀಟರ್ ಹಿಡಿದರೂ ಒಂದು ಲಕ್ಷ ಜನರಿರುವ ಊರಿಗೆ ತಿಂಗಳಿಗೆ 41 ಕೋಟಿ ಲೀಟರ್ ಸಾಕು. ಕಾಗದದ ಮೇಲೆ ಒಂದು ಟಿಎಂಸಿ ಅಂಥ ಊರಿಗೆ ಐದು ವರ್ಷಕ್ಕೂ ಮಿಕ್ಕಿ ಬಾಳುತ್ತದೆ. ತೊಡಕಿರುವುದು ದಾರಿಯಲ್ಲಿ. ಬೇಸಿಗೆಯಲ್ಲಿ ಬಿಟ್ಟ ನೀರು ಒಣಗಿದ ಮರಳಿನ ಮೇಲೆ ಹರಿಯಬೇಕು. ಮೊದಲು ಮರಳು ಕುಡಿಯುತ್ತದೆ, ಬಿಸಿಲು ಹೀರುತ್ತದೆ, ಉಳಿದದ್ದಕ್ಕೆ ಎರಡೂ ದಂಡೆಯ ಪಂಪುಗಳು ಕಾದಿರುತ್ತವೆ. 20 ಮೀಟರ್ ಎತ್ತರಕ್ಕೆ ನೀರೆತ್ತುವ 10 ಎಚ್‌ಪಿ ಪಂಪು ಸೆಕೆಂಡಿಗೆ ಸುಮಾರು 20 ಲೀಟರ್ ಎಳೆಯುತ್ತದೆ. ಏಳು ತಾಸು ಓಡಿದರೆ ಐದು ಲಕ್ಷ ಲೀಟರ್. ಜಲಜೀವನ್ ಯೋಜನೆಯ 55 ಲೀಟರ್ ಲೆಕ್ಕದಲ್ಲಿ ಅದು ಒಂಬತ್ತು ಸಾವಿರ ಹಳ್ಳಿಗರ ಒಂದು ದಿನದ ನೀರು. ಒಂದೇ ಪಂಪಿನ ಮಾತಿದು. ಮೇಲಿನವರು ಎತ್ತಿಕೊಂಡಷ್ಟೂ ಕೆಳಗಿನ ಊರಿಗೆ ಹೊಳೆಯಿಂದ ನೀರೆತ್ತುವ ಜಾಕ್‌ವೆಲ್‌ಗೆ ನೀರು ಮುಟ್ಟುವುದಿಲ್ಲ. ಹಿಡಕಲ್‌ನಿಂದ ಬಿಟ್ಟ ನೀರಿಗೆ ಗೋಕಾಕ, ಮೂಡಲಗಿ ಅಷ್ಟೇ ಅಲ್ಲ, ಕೆಳಗೆ ಬಾಗಲಕೋಟೆ ಜಿಲ್ಲೆಯೂ ಕಾಯುತ್ತಿರುತ್ತದೆ. ನೀರು ಹರಿಯುವ ಆ ಕೆಲವು ದಿನ ಕರೆಂಟ್ ನಿಲ್ಲಿಸುವುದಕ್ಕೆ ಕಾರಣ ಇಷ್ಟೇ. ಹುಕ್ಕೇರಿ ತಾಲ್ಲೂಕಿನಲ್ಲಿ ಆ ಕೆಲಸ ಗ್ರಾಮೀಣ ವಿದ್ಯುತ್ ಸಹಕಾರಿ ಸಂಘದ್ದು, ಗೋಕಾಕ, ಮೂಡಲಗಿಯಲ್ಲಿ ಹೆಸ್ಕಾಂನದು. ಹೊಳೆ ನಮ್ಮ ಹೊಲಕ್ಕೆ ಹತ್ತಿದ್ದು, ನೀರೂ ನಮ್ಮದೇ ಎಂಬ ವಾದ ಕಾನೂನಿನಲ್ಲಿ ನಿಲ್ಲುವುದಿಲ್ಲ. 1964ರ ಭೂಕಂದಾಯ ಕಾಯ್ದೆಯ 67ನೇ ಕಲಮು ನದಿ, ಹಳ್ಳಗಳನ್ನು ಸರ್ಕಾರದ ಸ್ವತ್ತು ಎನ್ನುತ್ತದೆ. ಹಾಗೆಂದು ಒಮ್ಮೆ ತೆಗೆದ ಕರೆಂಟ್ ಮತ್ತೆ ಬರುವುದೇ ಇಲ್ಲ ಎಂಬ ಭಯವೂ ಬೇಡ. ಜಿಲ್ಲಾಧಿಕಾರಿ ಹಿಂದಿನ ದಂಡ ಪ್ರಕ್ರಿಯಾ ಸಂಹಿತೆಯ 144ನೇ ಕಲಮು, 2024ರ ಜುಲೈನಿಂದ ನಾಗರಿಕ ಸುರಕ್ಷಾ ಸಂಹಿತೆಯ 163ನೇ ಕಲಮಿನಡಿ ಹೊರಡಿಸುವ ನಿಷೇಧಾಜ್ಞೆಯ ಆಯುಷ್ಯ ಎರಡು ತಿಂಗಳು. ಅದನ್ನು ಮುಂದುವರಿಸಬೇಕಾದರೆ ರಾಜ್ಯ ಸರ್ಕಾರವೇ ಆದೇಶ ಮಾಡಬೇಕು.

ಹೊಳೆಯ ಮಾತು ಒಪ್ಪಿದವರೂ ಬೋರ್‌ವೆಲ್ ಎಂದೊಡನೆ ಸಿಡಿಯುತ್ತಾರೆ. ನನ್ನ ಹೊಲ, ನನ್ನ ಸಾಲ, ನನ್ನ ಬೋರು. ಈ ನಂಬಿಕೆಗೆ ಬುಡವಿಲ್ಲ ಎನ್ನಲಾಗದು. 1882ರ ಅನುಭೋಗ ಹಕ್ಕುಗಳ ಕಾಯ್ದೆ ಭೂಮಾಲೀಕನಿಗೆ ತನ್ನ ನೆಲದಡಿಯ ನೀರನ್ನು ಬಳಸುವ ಹಕ್ಕು ಕೊಟ್ಟಿದೆ. ಆದರೆ ಅದು ಬಾವಿಗೆ ಕಪಿಲೆ ಹೂಡಿ ನೀರೆತ್ತುತ್ತಿದ್ದ ಕಾಲದ ಕಾನೂನು. ನೂರಾರು ಅಡಿ ಆಳದ ಕೊಳವೆ ಬಾವಿ ಪಕ್ಕದ ಹೊಲದ, ಊರಿನ ಬೋರಿನ ನೀರನ್ನೂ ಎಳೆಯಬಲ್ಲದು. ಅದಕ್ಕೇ 1999ರಲ್ಲಿ ಕುಡಿಯುವ ನೀರಿನ ಮೂಲಗಳ ರಕ್ಷಣೆಗೆ ರಾಜ್ಯ ಪ್ರತ್ಯೇಕ ಅಂತರ್ಜಲ ಕಾಯ್ದೆ ಮಾಡಿತು. ಊರಿನ ಕುಡಿಯುವ ನೀರಿನ ಮೂಲದಿಂದ 500 ಮೀಟರ್ ಒಳಗೆ ಅನುಮತಿ ಇಲ್ಲದೆ ಹೊಸ ಬಾವಿ ತೋಡುವಂತಿಲ್ಲ. ನೀರಿನ ಅಭಾವದ ಪ್ರದೇಶ ಎಂದು ಘೋಷಿಸಿದಾಗ ಅಲ್ಲಿನ ಬಾವಿಗಳಿಂದ ನೀರೆತ್ತುವುದನ್ನೂ ನಿಯಂತ್ರಿಸಬಹುದು.  ಊರಿಗೆ ಬೇರೆ ನೀರಿಲ್ಲದಾಗ ಸರ್ಕಾರ ಖಾಸಗಿ ಬೋರುಗಳನ್ನು ಬಾಡಿಗೆಗೆ ಪಡೆಯುವ ಪದ್ಧತಿ ಇದೆ. ಕೊಟ್ಟ ನೀರಿಗೆ ಬಾಡಿಗೆ ಕೇಳುವುದು ರೈತನ ಹಕ್ಕು.

ಇನ್ನು ಎಲ್ಲಕ್ಕಿಂತ ಬಿಸಿಯಾದ ಪ್ರಶ್ನೆ: ರೈತನಿಗೆ ಮಾತ್ರ ಕಟ್ಟುಪಾಡು, ಕಾರ್ಖಾನೆಗೆ ಇಲ್ಲವೇ? ರಾಜ್ಯದ 2002ರ ಜಲನೀತಿ ಸರದಿಯನ್ನು ಸ್ಪಷ್ಟವಾಗಿ ಬರೆದಿತ್ತು. ಮೊದಲು ಕುಡಿಯುವ ನೀರು, ನಂತರ ನೀರಾವರಿ, ಕೈಗಾರಿಕೆಯ ಪಾಳಿ ಅದರ ಕೆಳಗೆ. ಹಿಡಕಲ್ ನೀರನ್ನು ಧಾರವಾಡದ ಕೈಗಾರಿಕಾ ಪ್ರದೇಶಕ್ಕೆ ಒಯ್ಯುವ ಯೋಜನೆಗೆ ಬೆಳಗಾವಿಯಲ್ಲಿ ಎದ್ದ ವಿರೋಧಕ್ಕೆ ಈ ಸರದಿಯೇ ಬಲವಾದ ಆಧಾರ. ಕಬ್ಬಿನ ತೂಕದಲ್ಲಿ ಸುಮಾರು ಶೇ 70 ಭಾಗ ನೀರೇ ಇರುವುದರಿಂದ ಸಕ್ಕರೆ ಕಾರ್ಖಾನೆಗಳು ಆ ನೀರನ್ನೇ ಮರಳಿ ಬಳಸಿ ನಡೆಯಬಲ್ಲವು. ಬರದಲ್ಲಿ ಹಾಗೆ ನಡೆಸಿ ಎಂದು ಕೇಳುವುದು ನ್ಯಾಯ. ಆದರೆ ಹೊಳೆಯನ್ನು ಹೆಚ್ಚು ಬರಿದು ಮಾಡುವುದು ಕಾರ್ಖಾನೆಗಿಂತ ಅದಕ್ಕೆ ಬೆಳೆಯುವ ಕಬ್ಬು ಎಂಬುದನ್ನೂ ಒಪ್ಪಬೇಕು. ಕಬ್ಬಿಗೆ ಒಂದು ಬೆಳೆಗೆ 1,500ರಿಂದ 2,500 ಮಿ.ಮೀ. ನೀರು ಬೇಕು. ಗೋಕಾಕದ ವರ್ಷದ ಮಳೆ ಅದರ ಅರ್ಧಕ್ಕೂ ಮುಟ್ಟುವುದಿಲ್ಲ. ಹೊಳೆ ಹರಿಯುತ್ತದೆಂಬ ಭರವಸೆಯ ಮೇಲೆ ನಾಟಿ ಮಾಡಿದ ಕಬ್ಬು ಮಾರ್ಚ್‌ನಲ್ಲಿ ನೀರು ಕೇಳಿದಾಗ ಯಾವ ಆದೇಶವೂ ಕ್ರೂರವಾಗಿಯೇ ಕಾಣುತ್ತದೆ.

ಆದ್ದರಿಂದ ನಿರ್ಬಂಧದ ಸುದ್ದಿ ಬೇಸಿಗೆಯಲ್ಲಿ ಲೈನ್‌ಮನ್ ಬಂದಾಗ ತಿಳಿಯುವಂತಾಗಬಾರದು. ನೀರಾವರಿ ಸಲಹಾ ಸಮಿತಿ ಕುಡಿಯಲು ಎಷ್ಟು ನೀರು ಕಾಯ್ದಿರಿಸಿದೆ, ಕಾಲುವೆಗೆ ಎಷ್ಟು ದಿನ, ಹೊಳೆಗೆ ಯಾವಾಗ ಎಂಬುದನ್ನು ಮಳೆಗಾಲ ಮುಗಿದೊಡನೆ ಪ್ರತಿ ಪಂಚಾಯಿತಿಯ ಫಲಕದಲ್ಲಿ ಹಚ್ಚಬೇಕು. ಜಾಕ್‌ವೆಲ್‌ಗೆ ನೀರು ಮುಟ್ಟಿದ ದಿನವೇ ಕರೆಂಟ್ ಮರಳಿ ಕೊಡಬೇಕು. ರೈತರೂ ಗಾಳಿಸುದ್ದಿಗೆ ಕಿವಿಗೊಡದೆ ತಹಶೀಲ್ದಾರ್ ಕಚೇರಿಗೆ ಹೋಗಿ ಆದೇಶದ ಪ್ರತಿ ಕೇಳಲಿ. ದಿನಾಂಕ, ನೀರಿನ ಮೂಲ, ಕಾನೂನಿನ ಕಲಮು ಅದರಲ್ಲಿ ಇವೆಯೇ ನೋಡಲಿ. ಇದ್ದರೆ ಪಾಲಿಸಲಿ, ಇಲ್ಲದಿದ್ದರೆ ಬರಹದಲ್ಲಿ ಪ್ರಶ್ನಿಸಲಿ.