ಮೊದಲು ಕೈಯಲ್ಲಿ ಎರಡು ಸುತ್ತು

ಹಳೇಬೀಡಿನ ಹೊಯ್ಸಳೇಶ್ವರ ಗುಡಿ ನೋಡಿಯೂ ತೃಪ್ತಿಯಾಗದವರು ಗಾಡಿಯನ್ನು ಹುಲಿಕೆರೆಯ ಕಡೆ ತಿರುಗಿಸುತ್ತಾರೆ. ಅಲ್ಲಿರುವುದು ಹೊಯ್ಸಳರ ಕಾಲದ ಮೆಟ್ಟಿಲುಕೊಳ. ಸುತ್ತಲೂ ಪುಟಾಣಿ ಗೋಪುರದ ಗುಡಿಗಳು. ಬಂದವರು ಮೆಟ್ಟಿಲಿಳಿದು ಫೋಟೊ ತೆಗೆಯುವಾಗ, ಇಂಥ ಊರುಗಳ ರಸ್ತೆ ಬದಿಯಲ್ಲಿ ನಿಲ್ಲುವ ಗಾಡಿಗಳನ್ನೂ ಒಮ್ಮೆ ನೋಡಬೇಕು. ಬೆಂಗಳೂರಿನಿಂದ ಬಂದ ಹಳೆಯ ಇನೋವಾ, ಬಾಡಿಗೆಗೆ ಓಡಿ ಸವೆದ ಡೀಸೆಲ್ ಇಂಡಿಕಾ, ಅರಸೀಕೆರೆ ಮಾರುಕಟ್ಟೆಗೆ ಕೊಬ್ಬರಿ ಚೀಲ ಸಾಗಿಸುವ ಮಾರುತಿ ಓಮ್ನಿ. ಕಂಪನಿ ಬೇರೆ, ಬೆಲೆ ಬೇರೆ, ಕುಡಿಯುವ ಎಣ್ಣೆಯೂ ಎಲ್ಲಕ್ಕೂ ಒಂದೇ ಅಲ್ಲ. ಆದರೂ ಮೂರರ ಎಂಜಿನ್ನಿನ ಜೀವ ಇರುವುದು ಹೆಬ್ಬೆರಳಿಗಿಂತ ತುಸು ಅಗಲದ, ಒಳಮೈಗೆ ಹಲ್ಲುಗಳಿರುವ ಒಂದು ರಬ್ಬರ್ ಪಟ್ಟಿಯಲ್ಲಿ. ಅದೇ ಟೈಮಿಂಗ್ ಬೆಲ್ಟ್.

ಸೆಕೆಂಡ್ ಹ್ಯಾಂಡ್ ಗಾಡಿ ಕೊಳ್ಳುವಾಗ ನಮ್ಮವರು ಟೈರು ಒದ್ದು ನೋಡುತ್ತಾರೆ, ಬಾಗಿಲು ಬಡಿದು ನೋಡುತ್ತಾರೆ, ಸೈಲೆನ್ಸರಿನ ಹೊಗೆಯ ಬಣ್ಣ ನೋಡುತ್ತಾರೆ. “ಬೆಲ್ಟ್ ಯಾವಾಗ ಹಾಕಿಸಿದ್ದು ಅಣ್ಣಾ?” ಎಂದು ಕೇಳುವವರು ಅಪರೂಪ. ಕೇಳಿದರೂ ಮಾರುವವರಿಗೆ ಎಷ್ಟೋ ಸಲ ಗೊತ್ತಿರುವುದಿಲ್ಲ, ಏಕೆಂದರೆ ಅವರೂ ತಮಗೆ ಮಾರಿದವರನ್ನು ಕೇಳಿರುವುದಿಲ್ಲ. ಪ್ಲಾಸ್ಟಿಕ್ ಮುಚ್ಚಳದ ಹಿಂದೆ ಅಡಗಿ ಕೂತ ಈ ಪಟ್ಟಿ ಕಿರುಗುಟ್ಟುವುದಿಲ್ಲ, ಸೋರುವುದಿಲ್ಲ, ಗುಡುಗುವುದಿಲ್ಲ. ಸಾಯುವ ದಿನ ಒಮ್ಮೆಲೇ ಸಾಯುತ್ತದೆ.

ಅದರ ಕೆಲಸ ಇಷ್ಟು. ಪಿಸ್ಟನ್ನುಗಳ ಏರಿಳಿತದಿಂದ ತಿರುಗುವುದು ಕೆಳಗಿನ ಕ್ರ್ಯಾಂಕ್. ಗಾಳಿ ಒಳಬಿಡುವ, ಹೊಗೆ ಹೊರಬಿಡುವ ವಾಲ್ವುಗಳನ್ನು ಒತ್ತಿ ತೆರೆಯುವುದು ಮೇಲಿನ ಕ್ಯಾಮ್. ಕ್ರ್ಯಾಂಕ್ ಎರಡು ಸುತ್ತು ಹಾಕಿದಾಗ ಕ್ಯಾಮ್ ಸರಿಯಾಗಿ ಒಂದು ಸುತ್ತು ಹಾಕಬೇಕು, ಒಂದು ಕೂದಲೂ ಆಚೀಚೆ ಆಗಬಾರದು. ಈ ಲೆಕ್ಕವನ್ನು ಕಾಯುವುದೇ ಬೆಲ್ಟು. ಎಂಜಿನ್ ನಿಮಿಷಕ್ಕೆ 3,000 ಸುತ್ತು ತಿರುಗುವಾಗ ಪ್ರತಿ ವಾಲ್ವೂ ಸೆಕೆಂಡಿಗೆ 25 ಸಲ ತೆರೆದು ಮುಚ್ಚುತ್ತದೆ. ಗಂಟೆಗೆ 60 ಕಿ.ಮೀ. ವೇಗದಲ್ಲಿ ಎಂಜಿನ್ ನಿಮಿಷಕ್ಕೆ 2,500 ಸುತ್ತು ಹಾಕುತ್ತದೆ ಎಂದಿಟ್ಟುಕೊಂಡರೆ, 1 ಲಕ್ಷ ಕಿ.ಮೀ. ಮುಗಿಯುವ ಹೊತ್ತಿಗೆ ಕ್ರ್ಯಾಂಕ್ 25 ಕೋಟಿ ಸುತ್ತು ಮುಗಿಸಿರುತ್ತದೆ. ಗಾಜಿನ ನಾರಿನ ಎಳೆಗಳನ್ನು ಒಳಗಿಟ್ಟು ಎರೆದ ರಬ್ಬರ್ ಇಷ್ಟು ದಿನ ತಡೆಯುವುದೇ ದೊಡ್ಡದು.

ಇದು ಮೊದಲಿನಿಂದಲೂ ಹೀಗಿರಲಿಲ್ಲ. ಬಿಎಂಸಿ ಎಂಜಿನ್ನಿನ ಅಂಬಾಸಿಡರಿನಲ್ಲೂ ಪ್ರೀಮಿಯರ್ ಪದ್ಮಿನಿಯಲ್ಲೂ ಇದ್ದದ್ದು ಎಣ್ಣೆಯಲ್ಲಿ ನೆನೆದು ಓಡುವ ಉಕ್ಕಿನ ಚೈನು. ಸವೆದರೆ ಗಲಗಲ ಶಬ್ದ ಮಾಡಿ ತಿಂಗಳುಗಟ್ಟಲೆ ಎಚ್ಚರಿಕೆ ಕೊಡುವ ಒಳ್ಳೆಯ ಗುಣ ಅದಕ್ಕಿತ್ತು. ಹೆಚ್ಚು ಸಂಖ್ಯೆಯಲ್ಲಿ ತಯಾರಾದ ಕಾರಿಗೆ ಹಲ್ಲಿನ ಬೆಲ್ಟು ಮೊದಲು ಬಂದದ್ದು 1962ರಲ್ಲಿ, ಜರ್ಮನಿಯ ಡಿಂಗೊಲ್ಫಿಂಗ್ ಎಂಬ ಊರಿನ ಗ್ಲಾಸ್ ಕಂಪನಿಯ 1004 ಮಾದರಿಯಲ್ಲಿ. ಶಬ್ದ ಕಡಿಮೆ, ತೂಕ ಕಡಿಮೆ, ಎಣ್ಣೆಯ ಹಂಗಿಲ್ಲ, ತಯಾರಿಕೆಗೆ ಅಗ್ಗ. 1966ರಲ್ಲಿ ಫಿಯೆಟ್ ತನ್ನ 124 ಸ್ಪೋರ್ಟ್‌ಗೂ ಬೆಲ್ಟ್ ಹಾಕಿತು. ಆಮೇಲೆ ಜಗತ್ತೇ ಅತ್ತ ಹೊರಳಿತು. ನಮ್ಮ ಸಾಮಾನ್ಯ ಮನೆಗಳ ಅಂಗಳಕ್ಕೆ ಅದನ್ನು ತಂದದ್ದು 1983ರ ಡಿಸೆಂಬರಿನಲ್ಲಿ ಬಿಡುಗಡೆಯಾದ ಮಾರುತಿ 800. ಅದರ 796 ಸಿ.ಸಿ., ಮೂರು ಸಿಲಿಂಡರಿನ ಎಂಜಿನ್ನೇ ಮರುವರ್ಷ ಬಂದ ಮಾರುತಿ ವ್ಯಾನಿನಲ್ಲೂ, ಅಂದರೆ ಮುಂದಿನ ಓಮ್ನಿಯಲ್ಲೂ ಕೂತಿತು. 2019ರಲ್ಲಿ ಓಮ್ನಿ ತಯಾರಿಕೆ ನಿಂತರೂ ಹಾಸನ ಜಿಲ್ಲೆಯ ಹಳ್ಳಿಗಳಿಗೆ ಆ ಸುದ್ದಿ ಇನ್ನೂ ಮುಟ್ಟಿದಂತಿಲ್ಲ.

ಬೆಲ್ಟ್ ಕಟ್ಟಾದರೆ ಏನಾಗುತ್ತದೆ? ಕ್ಯಾಮ್ ನಿಂತಲ್ಲೇ ನಿಲ್ಲುತ್ತದೆ, ಕೆಲವು ವಾಲ್ವುಗಳು ಬಾಯಿ ತೆರೆದುಕೊಂಡೇ ಉಳಿಯುತ್ತವೆ. ಕ್ರ್ಯಾಂಕ್ ಮಾತ್ರ ಓಡುವ ಗಾಡಿಯ ರಭಸಕ್ಕೆ ಇನ್ನಷ್ಟು ಸುತ್ತು ತಿರುಗುತ್ತದೆ. ಪಿಸ್ಟನ್ ಮೇಲೇರಿ ಬಂದಾಗ ತೆರೆದ ವಾಲ್ವಿಗೆ ತಾಗದಷ್ಟು ಜಾಗ ಕೆಲವು ಹಳೆಯ ಪೆಟ್ರೋಲ್ ಎಂಜಿನ್ನುಗಳಲ್ಲಿರುತ್ತದೆ. ಹೊಸ ಬೆಲ್ಟ್ ಹಾಕಿದರೆ ಗಾಡಿ ಮತ್ತೆ ಓಡುತ್ತದೆ. ಡೀಸೆಲ್ ಎಂಜಿನ್ನಿನಲ್ಲಿ ಒತ್ತಡ ಹೆಚ್ಚು ಬೇಕಾದ್ದರಿಂದ ಪಿಸ್ಟನ್ನಿಗೂ ವಾಲ್ವಿಗೂ ನಡುವೆ ಅಷ್ಟು ಜಾಗ ಇರುವುದಿಲ್ಲ. ಅಲ್ಲಿ ವಾಲ್ವ್ ಬಾಗುತ್ತದೆ, ಹೆಡ್ ಬಿಚ್ಚಬೇಕಾಗುತ್ತದೆ, ಕೆಲವು ಸಾವಿರದಲ್ಲಿ ಮುಗಿಯಬೇಕಾದ ಖರ್ಚು ಹಲವು ಪಟ್ಟು ಏರುತ್ತದೆ.

ಇಲ್ಲಿ ನಮ್ಮ ಊರುಗಳ ಒಂದು ಅಭ್ಯಾಸದ ಬಗ್ಗೆ ಹೇಳಲೇಬೇಕು. ದಾರಿಯಲ್ಲಿ ಗಾಡಿ ನಿಂತರೆ ನಾಲ್ಕು ಜನ ಸೇರಿ ತಳ್ಳುವುದು. ಓಡುತ್ತಿದ್ದ ಎಂಜಿನ್ ಯಾವ ಮುನ್ಸೂಚನೆಯೂ ಇಲ್ಲದೆ ನಿಂತು, ಕೀಲಿ ತಿರುಗಿಸಿದಾಗ ಸ್ಟಾರ್ಟರ್ ಎಂದಿಗಿಂತ ಹಗುರವಾಗಿ, ತಡೆಯೇ ಇಲ್ಲದಂತೆ ಗಿರಗಿರ ತಿರುಗಿದರೆ ಬೆಲ್ಟ್ ಹೋಗಿರುವ ಸಾಧ್ಯತೆ ದೊಡ್ಡದು. ಆಗ ತಳ್ಳಬಾರದು, ಮತ್ತೆ ಮತ್ತೆ ಕೀಲಿ ತಿರುಗಿಸಲೂಬಾರದು. ಬಾಗದೆ ಉಳಿದ ವಾಲ್ವುಗಳನ್ನು ಬಗ್ಗಿಸುವ ಕೆಲಸ ಅದು. ಹಗ್ಗ ಕಟ್ಟಿ ಎಳೆಯುವುದಾದರೆ ಗೇರು ನ್ಯೂಟ್ರಲಿನಲ್ಲಿರಲಿ.

ಎಷ್ಟು ದಿನಕ್ಕೆ ಬದಲಿಸಬೇಕು ಎಂಬುದಕ್ಕೆ ಎಲ್ಲ ಗಾಡಿಗೂ ಸಲ್ಲುವ ಒಂದೇ ಉತ್ತರವಿಲ್ಲ. ಹಲವು ಎಂಜಿನ್ನುಗಳಿಗೆ 60 ಸಾವಿರದಿಂದ 1 ಲಕ್ಷ ಕಿ.ಮೀ., ಕೆಲವಕ್ಕೆ ಅದಕ್ಕೂ ಹೆಚ್ಚು. ಗಾಡಿಯ ಜೊತೆ ಬಂದ ಕೈಪಿಡಿಯ ಮಾತೇ ಕೊನೆಯ ಮಾತು. ಕಿಲೋಮೀಟರಿನ ಜೊತೆ ವರ್ಷದ ಮಿತಿಯೂ ಇದೆ. ಹಬ್ಬಕ್ಕೊಮ್ಮೆ, ಮದುವೆಗೊಮ್ಮೆ ಹೊರಗೆ ಬರುವ ಕಾರಿನ ಮೀಟರ್ ಓಡಿರುವುದಿಲ್ಲ, ಆದರೆ ಅದರೊಳಗಿನ ರಬ್ಬರಿಗೆ ವಯಸ್ಸಾಗಿರುತ್ತದೆ. ಇನ್ನು ಕ್ಯಾಮ್ ಸೀಲಿನಿಂದ ಎಣ್ಣೆ ಜಿನುಗಿ ಬೆಲ್ಟಿಗೆ ತಾಗುತ್ತಿದ್ದರೆ ಯಾವ ಲೆಕ್ಕವೂ ನಡೆಯದು.

ಹಾಗಾದರೆ ಈ ಕೆಲಸ ಮನೆಯಲ್ಲೇ ಮಾಡಬಹುದೇ? ಟ್ರ್ಯಾಕ್ಟರಿನ ಸಣ್ಣಪುಟ್ಟ ರಿಪೇರಿ, ಪಂಪ್‌ಸೆಟ್ಟಿನ ವಾಷರ್, ಬೈಕಿನ ಕ್ಲಚ್ ಪ್ಲೇಟ್ ತಾವೇ ಹಾಕಿಕೊಳ್ಳುವ ಕೈಗಳು ಹಳ್ಳಿಗಳಲ್ಲಿ ಬೇಕಾದಷ್ಟಿವೆ. ಹಾಸನದ ಸರ್ವೀಸ್ ಸೆಂಟರಿಗೆ ಗಾಡಿ ಬಿಟ್ಟು ಬಸ್ಸಿನಲ್ಲಿ ಮರಳುವುದಕ್ಕಿಂತ ಅಂಗಳದಲ್ಲೇ ಬಿಚ್ಚಿ ಹಾಕುವುದು ಅವರಿಗೆ ಸಹಜವಾಗಿ ಕಾಣುತ್ತದೆ. ಮಾರುತಿ 800ರಂಥ ಒಂದೇ ಕ್ಯಾಮಿನ ಸರಳ ಎಂಜಿನ್ ಆದರೆ ಖಂಡಿತ ಸಾಧ್ಯ. ಈ ಕೆಲಸಕ್ಕೆ ಬೇಕಾದ್ದು ತೋಳಿನ ಬಲಕ್ಕಿಂತ ಹೆಚ್ಚಾಗಿ ಅವಸರ ಇಲ್ಲದ ಕಣ್ಣು.

ಮೊದಲಿಗೆ ಸಾಮಾನು. ಬೆಲ್ಟ್ ಒಂದನ್ನೇ ತಂದರೆ ಅರ್ಧ ಕೆಲಸವಾದಂತೆ. ಅದನ್ನು ಬಿಗಿ ಹಿಡಿಯುವ ಟೆನ್ಷನರ್, ಅದರ ಬೇರಿಂಗು, ಕ್ಯಾಮ್ ಮತ್ತು ಕ್ರ್ಯಾಂಕ್ ಸೀಲುಗಳನ್ನೂ ಒಟ್ಟಿಗೆ ತರಬೇಕು. ವಾಟರ್ ಪಂಪನ್ನು ಕೆಲವು ಎಂಜಿನ್ನುಗಳಲ್ಲಿ ಟೈಮಿಂಗ್ ಬೆಲ್ಟೇ ತಿರುಗಿಸುತ್ತದೆ. ಅಂಥಲ್ಲಿ ಪಂಪನ್ನೂ ಬದಲಿಸುವುದು ಜಾಣತನ, ಆರು ತಿಂಗಳ ನಂತರ ಅದು ಸೋರಿದರೆ ಇಡೀ ಕೆಲಸ ಮತ್ತೆ ಮೊದಲಿನಿಂದ. ಮಾರುತಿ 800ರಲ್ಲಿ ಪಂಪು ಹೊರಗಿನ ಫ್ಯಾನ್ ಬೆಲ್ಟಿನಿಂದ ಓಡುವುದರಿಂದ ಆ ತಲೆನೋವು ಕಡಿಮೆ. ಪಾರ್ಟ್ಸ್ ಅಂಗಡಿಯಲ್ಲಿ ನಕಲಿ ಪೊಟ್ಟಣದಿಂದ ದೂರ ಇರಬೇಕು. ನೂರು ರೂಪಾಯಿ ಉಳಿಸುವ ಜಾಗ ಇದಲ್ಲ.

ಬೇಲೂರು, ಹಳೇಬೀಡಿನ ಸೀಮೆಯಲ್ಲಿ ಕಲ್ಲಿಗೆ ಬರವಿಲ್ಲ, ಹಾಗೆಂದು ಗಾಡಿಯನ್ನು ಕಲ್ಲಿನ ಮೇಲೆ ನಿಲ್ಲಿಸಿ ಕೆಳಗೆ ನುಗ್ಗಬಾರದು. ಸಿಮೆಂಟ್ ಇಟ್ಟಿಗೆಯಂತೂ ಬೇಡವೇ ಬೇಡ, ಒಮ್ಮೆಲೇ ಪುಡಿಯಾಗುತ್ತದೆ. ಗಟ್ಟಿ ನೆಲ, ಹಿಂದಿನ ಗಾಲಿಗೆ ಅಡ್ಡ, ಜ್ಯಾಕಿನಿಂದ ಎತ್ತಿ ಕಬ್ಬಿಣದ ಸ್ಟ್ಯಾಂಡಿನ ಮೇಲೆ ಇಳಿಸುವುದು: ಇಷ್ಟಾಗದೆ ಒಂದು ನಟ್ಟೂ ಮುಟ್ಟಬಾರದು. ಎಂಜಿನ್ ಪೂರ್ತಿ ತಣ್ಣಗಿರಬೇಕು, ಬ್ಯಾಟರಿಯ ನೆಗೆಟಿವ್ ತಂತಿ ಬಿಚ್ಚಿರಬೇಕು.

ಆಮೇಲೆ ಫ್ಯಾನ್ ಬೆಲ್ಟ್, ಪಂಪಿನ ಪುಲ್ಲಿ, ಕ್ರ್ಯಾಂಕಿನ ಪುಲ್ಲಿ ಹೊರಗೆ ಬರಬೇಕು. ಕ್ರ್ಯಾಂಕ್ ಪುಲ್ಲಿಯ ಬೋಲ್ಟು ಹಲವರ ಉತ್ಸಾಹ ಬತ್ತಿಸುವ ಜಾಗ, ಅಷ್ಟು ಬಿಗಿ. ಗಾಡಿಯನ್ನು ಟಾಪ್ ಗೇರಿಗೆ ಹಾಕಿ ಒಬ್ಬರು ಬ್ರೇಕ್ ಬಲವಾಗಿ ಒತ್ತಿ ಹಿಡಿದರೆ ಎಂಜಿನ್ ತಿರುಗದೆ ನಿಲ್ಲುತ್ತದೆ, ಇನ್ನೊಬ್ಬರು ಉದ್ದನೆಯ ಹಿಡಿಯ ರೆಂಚಿನಿಂದ ಬಿಡಿಸಬಹುದು. ರೆಂಚನ್ನು ನೆಲಕ್ಕೆ ಆನಿಸಿ ಸ್ಟಾರ್ಟರ್ ಹೊಡೆದು ಬೋಲ್ಟ್ ಬಿಡಿಸುವ ಗ್ಯಾರೇಜಿನ ಯುಕ್ತಿಯೊಂದಿದೆ. ಮನೆಯಲ್ಲಿ ಅದರ ಗೊಡವೆಗೆ ಹೋಗಬಾರದು. ರೆಂಚ್ ಜಾರಿದರೆ ಕೈ ಮುರಿಯುತ್ತದೆ.

ಮುಚ್ಚಳ ತೆಗೆದಾಗ ಕಾಣುವುದು ನಿಜವಾದ ವಿಷಯ. ಕ್ಯಾಮ್ ಪುಲ್ಲಿಯ ಮೇಲೊಂದು ಗುರುತು, ಅದಕ್ಕೆ ಎದುರಾಗಿ ಎಂಜಿನ್ನಿನ ಮೈಮೇಲೊಂದು ಗುರುತು. ಕ್ರ್ಯಾಂಕಿನ ಹಲ್ಲುಗಾಲಿಗೂ ಇಂಥದೇ ಜೋಡಿ. ಹಳೆಯ ಬೆಲ್ಟ್ ಬಿಚ್ಚುವ ಮೊದಲೇ ಎಂಜಿನ್ನನ್ನು ಕೈಯಿಂದ ತಿರುಗಿಸಿ ಎರಡು ಜೋಡಿಗಳನ್ನೂ ಒಟ್ಟಿಗೆ ಎದುರುಬದುರಾಗಿ ನಿಲ್ಲಿಸಿಕೊಳ್ಳಬೇಕು. ತಿರುಗಿಸುವುದು ಎಂಜಿನ್ ತಾನಾಗಿ ತಿರುಗುವ ದಿಕ್ಕಿಗೇ. ಹೆಚ್ಚಿನವು ಪುಲ್ಲಿಯ ಕಡೆಯಿಂದ ನೋಡಿದರೆ ಗಡಿಯಾರದ ಮುಳ್ಳಿನ ದಿಕ್ಕಿನವು. 1998ರಲ್ಲಿ ಇಲ್ಲಿಗೆ ಬಂದ ಮೊದಲ ತಲೆಮಾರಿನ ಹೋಂಡಾ ಸಿಟಿಯ ಎಂಜಿನ್ ತಿರುಗುವುದು ಉಲ್ಟಾ. ವೈಟ್ನರ್ ಹಚ್ಚಿ ಬೆಲ್ಟಿನ ಮೇಲೂ ಪುಲ್ಲಿಗಳ ಮೇಲೂ ಗೆರೆ ಎಳೆದು, ನಡುವಿನ ಹಲ್ಲುಗಳನ್ನು ಎಣಿಸಿ ಹೊಸ ಬೆಲ್ಟಿಗೆ ಇಳಿಸಿಕೊಂಡರೆ ಇನ್ನೂ ಧೈರ್ಯ. ಮೊಬೈಲಿನಲ್ಲಿ ಫೋಟೊ ತೆಗೆದಿಟ್ಟುಕೊಳ್ಳಲು ದುಡ್ಡು ಬೇಕಿಲ್ಲ.

ಒಂದು ಹಲ್ಲು ತಪ್ಪಿದರೆ ಎಷ್ಟು ತಪ್ಪಿದಂತೆ? ಕ್ಯಾಮ್ ಪುಲ್ಲಿಗೆ 40 ಹಲ್ಲಿದ್ದರೆ ಒಂದು ಹಲ್ಲೆಂದರೆ 9 ಡಿಗ್ರಿ, ಕ್ರ್ಯಾಂಕಿನ ಲೆಕ್ಕದಲ್ಲಿ 18 ಡಿಗ್ರಿ. ಗಾಡಿ ಸ್ಟಾರ್ಟ್ ಆಗಬಹುದು, ಆದರೆ ಎಳೆತ ಇರುವುದಿಲ್ಲ, ಪೆಟ್ರೋಲ್ ಕುಡಿಯುತ್ತದೆ, ನಿಂತಲ್ಲಿ ನಡುಗುತ್ತದೆ. ಮೆಕ್ಯಾನಿಕ್ಕುಗಳು “ಟೈಮಿಂಗ್ ಕೂತಿಲ್ಲ” ಅನ್ನುವುದು ಇದಕ್ಕೇ. ಎರಡು ಮೂರು ಹಲ್ಲು ತಪ್ಪಿದರೆ ಹೊಸ ಬೆಲ್ಟೇ ವಾಲ್ವನ್ನು ಪಿಸ್ಟನ್ನಿಗೆ ಗುದ್ದಿಸಬಹುದು.

ಹೊಸ ಬೆಲ್ಟನ್ನು ಮಡಚಬಾರದು, ತಿರುಚಬಾರದು, ಸ್ಕ್ರೂಡ್ರೈವರ್ ತೂರಿಸಿ ಮೀಟಿ ಕೂರಿಸಬಾರದು. ಟೆನ್ಷನರ್ ಇಲ್ಲದ ಬದಿ ಸಡಿಲವಿರದಂತೆ ಸುತ್ತಿ, ಉಳಿದ ಸಡಿಲವೆಲ್ಲ ಟೆನ್ಷನರಿನ ಬದಿಗೆ ಬರುವಂತೆ ನೋಡಿಕೊಳ್ಳಬೇಕು. ಸ್ಪ್ರಿಂಗ್ ಟೆನ್ಷನರ್ ಆದರೆ ಬೋಲ್ಟ್ ಸಡಿಲಿಸಿ ಬಿಟ್ಟಾಗ ಸ್ಪ್ರಿಂಗೇ ತನಗೆ ಬೇಕಾದ ಬಿಗಿ ಹುಡುಕಿಕೊಳ್ಳುತ್ತದೆ. ಕೈಬಲದಿಂದ ಜಗ್ಗಿ ಬಿಗಿ ಮಾಡಿದರೆ ಬೆಲ್ಟು ಊಳಿಡುತ್ತದೆ, ಬೇರಿಂಗ್ ಹೋಗುತ್ತದೆ.

ಈಗ ಬರುತ್ತದೆ ಇಡೀ ಕೆಲಸದ ಮುಖ್ಯ ಹಂತ, ಅವಸರದವರು ಬಿಟ್ಟುಬಿಡುವ ಹಂತವೂ ಹೌದು. ಕೀಲಿ ಮುಟ್ಟುವ ಮೊದಲು ಕ್ರ್ಯಾಂಕನ್ನು ರೆಂಚ್ ಹಿಡಿದು ಕೈಯಲ್ಲೇ ಎರಡು ಪೂರ್ತಿ ಸುತ್ತು ತಿರುಗಿಸಬೇಕು. ಎರಡು ಸುತ್ತಿಗೆ ಕ್ಯಾಮ್ ಒಂದು ಸುತ್ತು ಮುಗಿಸಿ ಎಲ್ಲ ವಾಲ್ವುಗಳೂ ಒಮ್ಮೆ ತೆರೆದು ಮುಚ್ಚಿರುತ್ತವೆ. ಗುರುತುಗಳು ಮತ್ತೆ ಎದುರುಬದುರಾಗಿ ನಿಂತರೆ ಸರಿ. ನಡುವೆ ಎಲ್ಲಾದರೂ ಗಟ್ಟಿಯಾಗಿ ತಡೆದರೆ ಅದು ಪಿಸ್ಟನ್ನಿಗೆ ವಾಲ್ವ್ ತಾಗಿದ ತಡೆ ಇರಬಹುದು, ಒತ್ತಾಯ ಮಾಡದೆ ಅಲ್ಲಿಗೇ ನಿಲ್ಲಿಸಬೇಕು. ಕೈಗೆ ಸಿಕ್ಕ ತಡೆ ಏನನ್ನೂ ಮುರಿಯುವುದಿಲ್ಲ. ಸ್ಟಾರ್ಟರಿಗೆ ಅಂಥ ದಾಕ್ಷಿಣ್ಯವಿಲ್ಲ. ಇದಾದ ಮೇಲೆ ಟೆನ್ಷನರ್ ಬೋಲ್ಟನ್ನೂ ಕ್ರ್ಯಾಂಕ್ ಬೋಲ್ಟನ್ನೂ ಟಾರ್ಕ್ ರೆಂಚಿನಿಂದ, ಕೈಪಿಡಿ ಹೇಳಿದಷ್ಟೇ ಬಿಗಿ ಮಾಡಬೇಕು. “ಅಂದಾಜು ಸಾಕು” ಎನ್ನುವ ಮಾತು ಇಲ್ಲಿ ದುಬಾರಿ.

ಎಲ್ಲ ಗಾಡಿಗೂ ಕೈ ಹಾಕಬಹುದು ಎಂದಲ್ಲ. ಬಿಡದಿಯಲ್ಲಿ ತಯಾರಾಗಿ 2005ರಿಂದ ರಸ್ತೆಗಿಳಿದ ಮೊದಲ ಇನೋವಾದ 2.5 ಲೀಟರ್ ಡೀಸೆಲ್ ಎಂಜಿನ್ ಈ ವಿಷಯದಲ್ಲಿ ಉದಾರಿ. ಕ್ರ್ಯಾಂಕಿನಿಂದ ಡೀಸೆಲ್ ಪಂಪಿನವರೆಗೆ ಗೇರುಗಳು, ಪಂಪಿನಿಂದ ಕ್ಯಾಮಿನವರೆಗೆ ಮಾತ್ರ ಗಿಡ್ಡ ಬೆಲ್ಟು. ಹಾಗಾಗಿ ಕ್ರ್ಯಾಂಕ್ ಪುಲ್ಲಿ ಬಿಚ್ಚದೆಯೂ ಬೆಲ್ಟ್ ಬದಲಿಸಬಹುದು. ಅದರ ಟೆನ್ಷನರ್ ಮಾತ್ರ ಹೈಡ್ರಾಲಿಕ್. ವೈಸಿನಲ್ಲಿ ನಿಧಾನವಾಗಿ ಒತ್ತಿ, ಪಿನ್ ತೂರಿಸಿ ಹಿಡಿದಿಟ್ಟು, ಬೆಲ್ಟ್ ಕೂತ ಮೇಲೆ ಪಿನ್ ಎಳೆಯಬೇಕು. ಇದಕ್ಕೆ ಎದುರಾಗಿ ಡಸ್ಟರಿನ 1.5 ಡೀಸೆಲ್, ಫೋಕ್ಸ್‌ವ್ಯಾಗನ್ನಿನ ಟಿಡಿಐ, ಫೋರ್ಡಿನ ಟಿಡಿಸಿಐ ಎಂಜಿನ್ನುಗಳಿಗೆ ಕ್ಯಾಮನ್ನೂ ಕ್ರ್ಯಾಂಕನ್ನೂ ಅಲುಗದಂತೆ ಹಿಡಿಯುವ ಲಾಕಿಂಗ್ ಪಿನ್ನುಗಳು ಬೇಕು. ಆ ಸಲಕರಣೆ ಇಲ್ಲದವರು ಗ್ಯಾರೇಜಿಗೆ ಕೊಡುವುದೇ ಲೇಸು. ಫೋರ್ಡ್ ಇಕೋಸ್ಪೋರ್ಟಿನ 1.0 ಲೀಟರ್ ಇಕೋಬೂಸ್ಟಿನಲ್ಲಿ ಬೆಲ್ಟು ಎಂಜಿನ್ ಆಯಿಲಿನಲ್ಲೇ ಮುಳುಗಿ ಓಡುತ್ತದೆ. ಅದು ಅಂಗಳದ ಕೆಲಸವಲ್ಲ. ಸ್ವಿಫ್ಟಿನ 1.3 ಡೀಸೆಲ್ ಅಥವಾ ಕೆ-ಸೀರೀಸ್ ಪೆಟ್ರೋಲ್ ಎಂಜಿನ್ ಇರುವವರು ಇಷ್ಟೆಲ್ಲ ಓದಿಯೂ ನಿಶ್ಚಿಂತೆಯಾಗಿರಬಹುದು, ಅವುಗಳಲ್ಲಿರುವುದು ಚೈನು.

ಗಾಡಿ ಸ್ಟಾರ್ಟ್ ಆಗಿ ಸದ್ದು ಸರಿಯಿದ್ದರೆ ಒಂದೆರಡು ಕೆಲಸ ಬಾಕಿ. ಪಂಪ್ ಬದಲಿಸಿದ್ದರೆ ಕೂಲೆಂಟ್ ಮಟ್ಟವನ್ನು ಮರುದಿನ ತಣ್ಣಗಿನ ಎಂಜಿನ್ನಿನಲ್ಲಿ ಮತ್ತೆ ನೋಡಬೇಕು, ಒಳಗೆ ಸಿಕ್ಕಿಕೊಂಡ ಗಾಳಿ ಹೊರಟಾಗ ಅದು ಇಳಿದಿರುತ್ತದೆ. ಅವಧಿ ಮುಗಿದಾಗ ಟಿ-ಬೆಲ್ಟ್ ದೀಪ ಉರಿಸುವ ಗಾಡಿಯಾದರೆ ಆ ಲೆಕ್ಕವನ್ನು ಮತ್ತೆ ಸೊನ್ನೆಗೆ ತರಬೇಕು. ಕೊನೆಗೆ ತಾರೀಕು, ಆ ದಿನದ ಕಿಲೋಮೀಟರ್, ಬೆಲ್ಟಿನ ಪಾರ್ಟ್ ನಂಬರ್ ಬರೆದ ಚೀಟಿಯೊಂದನ್ನು ಬಾನೆಟ್ಟಿನ ಒಳಬದಿಗೆ ಅಂಟಿಸಿ, ಪಾರ್ಟ್ಸ್ ಅಂಗಡಿಯ ಬಿಲ್ಲನ್ನು ಆರ್‌ಸಿ ಜೊತೆ ಇಡಬೇಕು. ಚೀಟಿಯೂ ಬಿಲ್ಲೂ ಇಲ್ಲದ ಬೆಲ್ಟಿನ ಗಾಡಿಯನ್ನು ಕೊಳ್ಳಲು ಹೊರಟವರು ಹೊಸ ಬೆಲ್ಟ್, ಟೆನ್ಷನರ್ ಮತ್ತು ಕೂಲಿಯ ಮೊತ್ತವನ್ನು ಚೌಕಾಸಿಯಲ್ಲೇ ಬೆಲೆಯಿಂದ ಕಳೆದು ಮಾತಾಡಬಹುದು.