ಕಾಣಿಕೆ ಪುಸ್ತಕದ ಎರಡು ಸಹಿ

ಬೆಂಗಳೂರಿನ ಮಲ್ಲತ್ತಹಳ್ಳಿಯ ಮನೆಯೊಂದರ ಮಹಡಿಯಲ್ಲಿ ಭಾನುವಾರದ ಆರಾಧನೆ ಆಗಷ್ಟೇ ಮುಗಿದಿತ್ತು. ಹಾಸಿದ ಜಮಖಾನ ಇನ್ನೂ ಮಡಚಿರಲಿಲ್ಲ. ಕಾಣಿಕೆ ಚೀಲವನ್ನು ಅದರ ಮೇಲೆ ಸುರಿದು ಇಬ್ಬರು ಎಣಿಸಲು ಕೂತರು. ಒಬ್ಬರು ನೋಟು ಜೋಡಿಸಿದರು, ಇನ್ನೊಬ್ಬರು ನಾಣ್ಯಗಳನ್ನು ಹತ್ತತ್ತರ ಗುಪ್ಪೆ ಮಾಡಿದರು. ಆಮೇಲೆ ಕೈ ಬದಲಾಯಿಸಿ ಮತ್ತೊಮ್ಮೆ ಎಣಿಕೆ. ಲೆಕ್ಕ ಕೂಡಿಬಂದ ಮೇಲೆ ಉದ್ದನೆಯ ಪುಸ್ತಕದಲ್ಲಿ ತಾರೀಖು, ಮೊತ್ತ, ಕೆಳಗೆ ಎರಡು ಸಹಿ. ಸಭೆಯ ಪಾಲಕರಾದ ಅಯ್ಯನವರು ಅತ್ತ ತಿರುಗಿಯೂ ನೋಡಲಿಲ್ಲ. ಬಾಗಿಲ ಬಳಿ ನಿಂತು ಅಜ್ಜಿಯೊಬ್ಬರ ಮಂಡಿನೋವು ವಿಚಾರಿಸುತ್ತಿದ್ದರು. ಬೋಧನೆ ಅವರದು, ಲೆಕ್ಕ ಹಿರಿಯರದು.

'ಸಭೆಯ ಹಿರಿಯರು' ಎಂಬ ಮಾತು ಕನ್ನಡ ಕ್ರೈಸ್ತರ ಬಾಯಲ್ಲಿ ಎಷ್ಟು ಸಲೀಸಾಗಿದೆಯೆಂದರೆ ಅದು ಹೊರಗಿನಿಂದ ಬಂದದ್ದೆನ್ನುವುದೇ ಮರೆತುಹೋಗುತ್ತದೆ. ಹೊಸ ಒಡಂಬಡಿಕೆಯ ಗ್ರೀಕ್ ಮೂಲದಲ್ಲಿರುವುದು 'ಪ್ರೆಸ್ಬಿಟೆರೊಸ್', ಅಂದರೆ ವಯಸ್ಸಿನಲ್ಲಿ ಹಿರಿಯ. ಯೆಹೂದ್ಯರ ಸಭಾಮಂದಿರಗಳಲ್ಲಿ ಮೊದಲೇ ಇದ್ದ ಪದ್ಧತಿಯನ್ನು ಆದಿ ಕ್ರೈಸ್ತರು ಮುಂದುವರಿಸಿದರು. ಪೌಲ, ಬಾರ್ನಬರು ತಾವು ಕಟ್ಟಿದ ಒಂದೊಂದು ಸಭೆಗೂ ಹಿರಿಯರನ್ನು ನೇಮಿಸಿ ಮುಂದಿನ ಊರಿಗೆ ನಡೆದರೆಂದು ಅಪೊಸ್ತಲರ ಕೃತ್ಯಗಳ ಪುಸ್ತಕ ಹೇಳುತ್ತದೆ. ಕನ್ನಡದಲ್ಲಿ 'ಹಿರಿಯರು' ಎಂದರೆ ಗೌರವದಿಂದ ಒಬ್ಬರನ್ನೂ ಅನ್ನಬಹುದು, ಹಲವರನ್ನೂ ಅನ್ನಬಹುದು. ಆ ಪುಸ್ತಕದಲ್ಲಿ ಮಾತ್ರ ಅದು ಹಲವರು. ನನಗೆ ಇಡೀ ಕಥೆಯ ತಿರುಳು ಇದೇ ಅನ್ನಿಸುತ್ತದೆ.

ನಡುವಿನ ಶತಮಾನಗಳಲ್ಲಿ ಯುರೋಪಿನ ಸಭೆಗಳಲ್ಲಿ ಅಧಿಕಾರ ಬಹುಮಟ್ಟಿಗೆ ಗುರುಗಳ ಕೈಸೇರಿತು. 1541ರಲ್ಲಿ ಜಿನೀವಾದಲ್ಲಿ ಸುಧಾರಕ ಕ್ಯಾಲ್ವಿನ್ ರೂಪಿಸಿದ ನಿಯಮಗಳು ಹನ್ನೆರಡು ಮಂದಿ ಹಿರಿಯರನ್ನು ನಗರಮಂಡಳಿಗಳಲ್ಲಿದ್ದ, ಗುರುಗಳಲ್ಲದ ವಿಶ್ವಾಸಿಗಳ ನಡುವಿನಿಂದಲೇ ಆರಿಸಿ ಪಾಲಕರ ಪಕ್ಕದಲ್ಲಿ ಕೂರಿಸಿದವು. ಸುಮಾರು ಮೂರು ಶತಮಾನಗಳ ಬಳಿಕ ಸ್ವಿಟ್ಜರ್ಲೆಂಡಿನ ಇನ್ನೊಂದು ನಗರವಾದ ಬಾಸೆಲ್‌ನಿಂದ ಹೊರಟ ಮಿಷನರಿಗಳಾದ ಹೆಬಿಕ್, ಲೇನರ್, ಗ್ರೈನರ್ 1834ರಲ್ಲಿ ಮಂಗಳೂರಿಗೆ ಬಂದರು.

ಇಲ್ಲಿ ಹಿರಿಯರಿಗೆ ಬಿದ್ದ ಹೊರೆ ಜಿನೀವಾದವರಿಗಿಂತ ಬೇರೆ. ದೀಕ್ಷಾಸ್ನಾನ ಪಡೆದವರನ್ನು ಹಲವು ಕಡೆ ಜಾತಿಯವರು ಹೊರಗಿಟ್ಟರು. ಮನೆ, ಜಮೀನು ಹೋದದ್ದಷ್ಟೇ ಅಲ್ಲ, ಮದುವೆ ಮಾತುಕತೆಗೆ, ಅಣ್ಣತಮ್ಮಂದಿರ ಪಾಲು ಪಂಚಾಯ್ತಿಗೆ, ಸತ್ತಾಗ ಹೆಣ ಹೊರಲು ಕರೆಯಬಹುದಾದ ಜನವೇ ಇಲ್ಲವಾಯಿತು. ಆ ಜಾಗವನ್ನು ಸಭೆ ತುಂಬಬೇಕಿತ್ತು. 1851–52ರಲ್ಲಿ ಬಾಸೆಲ್ ಮಿಷನ್ನಿನ ಮುಖ್ಯಸ್ಥ ಜೋಸೆಫ್ ಜೋಸೆನ್‌ಹಾನ್ಸ್ ಇಲ್ಲಿಗೆ ಬಂದು ಸಭೆಗಳನ್ನು ಕಂಡುಹೋದ. ಮುಂದೆ ಲಿಖಿತ ನಿಯಮಾವಳಿ ಬಂತು, ಅದರಲ್ಲಿ ಪಾಲಕರ ಜತೆ ಹಿರಿಯರಿಗೂ ಹೊಣೆ ಸಿಕ್ಕಿತು. ಆ ನಿಯಮಗಳಲ್ಲಿ ಬಿಗಿ ಇತ್ತು, ಮಿಷನರಿಯ ಮಾತೇ ಮೇಲಾಗಿತ್ತು, ನಿಜ. ಆದರೂ ಜಗಲಿಯಲ್ಲಿ ಕೂತು ಗಂಡಹೆಂಡಿರ ಜಗಳ ಬಿಡಿಸಲು ಊರಿನ ಭಾಷೆ, ಊರಿನ ಸಂಕಟ ಗೊತ್ತಿದ್ದವರೇ ಬೇಕಿತ್ತು.

ನಿಜವಾದ ಪರೀಕ್ಷೆ ಬಂದದ್ದು 1914ರಲ್ಲಿ. ಮಹಾಯುದ್ಧ ಶುರುವಾದದ್ದೇ ತಡ, ಜರ್ಮನ್ ಮಿಷನರಿಗಳನ್ನು ಬ್ರಿಟಿಷ್ ಸರ್ಕಾರ ಬಂಧನದಲ್ಲಿಟ್ಟು, ಬಳಿಕ ದೇಶದಿಂದಲೇ ಕಳಿಸಿತು. ಬಾಸೆಲ್‌ನವರ ನೇಯ್ಗೆ, ಹೆಂಚಿನ ಕಾರ್ಖಾನೆಗಳೂ ಕೈತಪ್ಪಿದವು. ಅಷ್ಟಾದರೂ ಸಭೆಗಳ ದೀಪ ಆರಲಿಲ್ಲ. ಸ್ಥಳೀಯ ಪಾಲಕರು, ಉಪದೇಶಿಗಳು, ಹಿರಿಯರು ಹೆಗಲುಕೊಟ್ಟರು. ಚರಿತ್ರೆಯ ಪುಸ್ತಕಗಳಲ್ಲಿ ಮಿಷನರಿಗಳ ಚಿತ್ರಗಳಿವೆ, ಈ ಹಿರಿಯರ ಹೆಸರುಗಳು ಕಮ್ಮಿ. ಈ ಕೊರತೆ ನನ್ನನ್ನು ಕಾಡುತ್ತದೆ.

1947ರ ಸೆಪ್ಟೆಂಬರ್ 27ರಂದು ಮದರಾಸಿನಲ್ಲಿ ಆಂಗ್ಲಿಕನ್, ಮೆಥಡಿಸ್ಟ್, ದಕ್ಷಿಣ ಭಾರತ ಐಕ್ಯ ಸಭೆಗಳು ಕೂಡಿ ದಕ್ಷಿಣ ಭಾರತ ಸಭೆ, ಅಂದರೆ ಸಿ.ಎಸ್.ಐ. ಆಯಿತು. ಬಿಷಪ್ಪರನ್ನು ಒಪ್ಪುವವರೂ ಹಿರಿಯರ ಮಂಡಳಿಯೇ ಸಾಕೆನ್ನುವವರೂ ಒಂದೇ ಸೂರಿನಡಿ ಬಂದರು. ಪಾಲಕರ ಹುದ್ದೆಗೆ ಅವರು ಆರಿಸಿದ ಹೆಸರು ಪ್ರೆಸ್ಬಿಟರ್, ಅದೇ ಹಳೆಯ 'ಹಿರಿಯ'. ಬಾಸೆಲ್ ಪರಂಪರೆಯ ಕನ್ನಡ ಸಭೆಗಳೂ ಇಂದು ಅದರೊಳಗಿವೆ. 1976ರಿಂದ ಅಲ್ಲಿ ಹೆಂಗಸರಿಗೂ ಪಾಲಕ ದೀಕ್ಷೆ ಸಿಗತೊಡಗಿತು. 2013ರಲ್ಲಿ ನಂದ್ಯಾಲದ ಇ. ಪುಷ್ಪಲಲಿತಾ ಬಿಷಪ್ ಆದರು. ಬ್ರದರನ್ ಸಭೆಗಳದು ಇನ್ನೊಂದು ದಾರಿ. ಅಲ್ಲಿ ಸಂಬಳದ ಪಾಲಕರಿಲ್ಲ, ಹಿರಿಯರೇ ಬೋಧಿಸಿ ಹಿರಿಯರೇ ನಡೆಸುತ್ತಾರೆ.

ಮಲ್ಲತ್ತಹಳ್ಳಿಯಂಥ ಕಡೆ ಈ ಕಥೆ ಮತ್ತೆ ಮೊದಲಿಂದ ಶುರುವಾದಂತಿದೆ. ಕೆರೆ, ಕಲಾಗ್ರಾಮ, ವಿಶ್ವವಿದ್ಯಾಲಯದ ಸುತ್ತ ಬಡಾವಣೆಗಳು ಬೆಳೆದವು. ಬೇರೆ ಬೇರೆ ಜಿಲ್ಲೆಗಳಿಂದ ಬಂದವರು ಬಾಡಿಗೆ ಮನೆ ಹಿಡಿದರು. ಊರಲ್ಲಿ ಬಿಟ್ಟುಬಂದ ದೊಡ್ಡಪ್ಪ, ಸೋದರಮಾವಂದಿರ ಜಾಗದಲ್ಲಿ ಇಲ್ಲಿ ಇರುವವರು ಸಭೆಯ ಹಿರಿಯರು. ಆಸ್ಪತ್ರೆಗೆ ರಾತ್ರಿ ಆಟೋ ಹಿಡಿಯುವವರು, ಹೆಣ್ಣು ನೋಡಲು ಜತೆಗೆ ಹೋಗುವವರು ಇವರೇ. ಹಿರಿತನ ಮನೆತನದ ಆಸ್ತಿಯಾದಲ್ಲಿ, ಚುನಾವಣೆಯ ಹಟವಾದಲ್ಲಿ ಸಭೆ ಒಡೆದದ್ದನ್ನೂ ಕಂಡಿದ್ದೇನೆ. ಹಾಗಾಗಿಯೇ ಆ ಎರಡನೆಯ ಸಹಿ ನನಗೆ ಅಷ್ಟು ಮುಖ್ಯವೆನಿಸುತ್ತದೆ.

ಆ ಭಾನುವಾರ ಎರಡನೆಯ ಸಹಿ ಹಾಕಿದ್ದು ಒಬ್ಬ ಹೆಂಗಸು. ಪುಸ್ತಕ ಮುಚ್ಚಿ ಬೀರುವಿನಲ್ಲಿಟ್ಟು, ಬೀಗದ ಕೈಯನ್ನು ಜತೆಗಿದ್ದವರಿಗೆ ಕೊಟ್ಟು, ಜಮಖಾನದ ಒಂದು ತುದಿ ಹಿಡಿದರು.